ಕೀ ಕೊಟ್ಟರು, ಕಲಿಸಿಕೊಡಲಿಲ್ಲ

ಶನಿವಾರ ಬೆಳಿಗ್ಗೆ ಇಲವಾಲದಿಂದ ಹುಣಸೂರಿನ ಕಡೆಗೆ ಹೊರಟರೆ, ದೇಶದಲ್ಲಿ ಮಾರಾಟವಾಗುವ ದುಬಾರಿ ಕಾರುಗಳಲ್ಲಿ ಬಹುಪಾಲು ನಮ್ಮನ್ನು ಹಿಂದಿಕ್ಕಿ ಹೋಗಿರುತ್ತವೆ. ಕೊಡಗಿನ ಕಡೆಯವು ಹುಣಸೂರು, ಪಿರಿಯಾಪಟ್ಟಣ ದಾಟಿ ಕುಶಾಲನಗರ ಹಿಡಿಯುತ್ತವೆ. ಹಾಸನದ ಕಡೆಯವು ಬಿಳಿಕೆರೆಯಲ್ಲೇ ಕೆ.ಆರ್. ನಗರಕ್ಕೆ ತಿರುಗುತ್ತವೆ. ಕಬಿನಿ ಹಿನ್ನೀರಿನ ರೆಸಾರ್ಟ್‌ಗಳಿಗೆ ಹೊರಟವರು ಮೈಸೂರಿನಿಂದಲೇ ಮಾನಂದವಾಡಿ ರಸ್ತೆ ಹಿಡಿದು ಎಚ್.ಡಿ. ಕೋಟೆ ಸೇರುತ್ತಾರೆ. ಇವೆಲ್ಲ ಬೆಂಗಳೂರಿನ ಕಾರುಗಳೇ ಅಲ್ಲ. ಶುಂಠಿಗೆ ಒಳ್ಳೆಯ ಬೆಲೆ ಸಿಕ್ಕ ವರ್ಷ ದೊಡ್ಡ ಗಾಡಿ ಕೊಂಡವರು, ಗುತ್ತಿಗೆದಾರರು, ಹೊಗೆಸೊಪ್ಪಿನ ವ್ಯಾಪಾರಸ್ಥರು ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಈ ನಾಲ್ಕೂ ತಾಲ್ಲೂಕುಗಳಲ್ಲಿ ಇದ್ದಾರೆ.

ಇಂಥ ಕಾರು ಮನೆಗೆ ಬರುವ ದಿನದ ಸಂಭ್ರಮ ಎಲ್ಲರಿಗೂ ಗೊತ್ತಿರುವಂಥದ್ದೇ. ತೆಂಗಿನಕಾಯಿ ಒಡೆದು, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು, ಮನೆಮಂದಿಯೆಲ್ಲ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಷೋರೂಮಿನ ಹುಡುಗ ಯಜಮಾನರ ಫೋನನ್ನು ಕಾರಿಗೆ ಜೋಡಿಸಿ, ಬಾಗಿಲಂಚಿನ ದೀಪ ನೀಲಿಯಿಂದ ನೇರಳೆಗೆ ತಿರುಗುವುದನ್ನು ತೋರಿಸಿ, ಸೀಟು ಬೆನ್ನು ಒತ್ತುವುದನ್ನು ವಿವರಿಸುತ್ತಾನೆ. ಮುಕ್ಕಾಲು ಪಾಲು ಮಾತು ಇಂಗ್ಲಿಷಿನಲ್ಲಿ. ವಾರಕ್ಕೆ ಆರು ದಿನ ಆ ಕಾರು ಓಡಿಸಬೇಕಾದ ಚಾಲಕ ಆಗ ಹಳೆಯ ಗಾಡಿಯ ಕೀ ಹಿಡಿದು ದೂರದಲ್ಲಿ ನಿಂತಿರುತ್ತಾನೆ. ಅವನನ್ನು ಕರೆದು ಒಂದರ್ಧ ಗಂಟೆ ಕೂರಿಸಿ ಕನ್ನಡದಲ್ಲಿ ಹೇಳಿಕೊಡುವವರು ತೀರಾ ಕಡಿಮೆ. ಡಿಕ್ಕಿಯಲ್ಲೋ ಗ್ಲೋವ್ ಬಾಕ್ಸಿನಲ್ಲೋ ಇರುವ ನೂರಾರು ಪುಟದ ಕೈಪಿಡಿ ಅವನ ಭಾಷೆಯಲ್ಲಿಲ್ಲ. ಹಾಗಾಗಿ ಅವನು ಕಲಿಯುವುದು ಕಾರು ಓಡುತ್ತಿರುವಾಗ, ರಸ್ತೆಯ ಮೇಲೆ. ನನ್ನ ತಕರಾರು ಇರುವುದು ಇಲ್ಲಿಯೇ.

ಹಿಂದಿನ ಸೀಟಿನಿಂದ ‘ಎ.ಸಿ. ಸ್ವಲ್ಪ ಕಮ್ಮಿ ಮಾಡಪ್ಪ’ ಎಂಬ ಮಾತು ಬರುತ್ತದೆ. ಹಳೆಯ ಗಾಡಿಯಲ್ಲಾದರೆ ಎಡಗೈ ತಾನಾಗಿ ತಿರುಪಿನ ಮೇಲೆ ಹೋಗಿ ಒಂದು ಸುತ್ತು ತಿರುಗಿಸಿ ವಾಪಸು ಬರುತ್ತಿತ್ತು. ಈಗ ಪರದೆ ಮುಟ್ಟಬೇಕು, ನಕ್ಷೆ ಸರಿಸಬೇಕು, ಫ್ಯಾನಿನ ಚಿತ್ರ ಹುಡುಕಬೇಕು, ಹಿಂದಿನ ಸೀಟಿನದೋ ಮುಂದಿನದೋ ಎಂದು ಆರಿಸಬೇಕು. ಗಂಟೆಗೆ 80 ಕಿ.ಮೀ. ವೇಗದಲ್ಲಿ ಕಾರು ಸೆಕೆಂಡಿಗೆ 22 ಮೀಟರ್ ಓಡುತ್ತದೆ. ಐದು ಸೆಕೆಂಡ್ ಪರದೆ ನೋಡಿದರೆ 110 ಮೀಟರ್ ದಾರಿಯನ್ನು ಯಾರೂ ನೋಡಿರುವುದಿಲ್ಲ. ಹುಣಸೂರು ರಸ್ತೆಯ 110 ಮೀಟರಿನಲ್ಲಿ ಒಂದು ಬಸ್ ನಿಲ್ದಾಣ, ಅಡ್ಡ ದಾಟುವ ಶಾಲೆ ಮಕ್ಕಳು, ಬದಿಗೆ ಸರಿಯದ ಮೇಕೆ ಮಂದೆ, ಎಲ್ಲವೂ ಇರಬಹುದು.

ಇದು ನಮ್ಮ ಚಾಲಕರ ಕೊರತೆಯಲ್ಲ. ಸ್ವೀಡನ್ನಿನ ‘ವಿ ಬಿಲ್‌ಎಗಾರೆ’ ಎಂಬ ಕಾರು ಪತ್ರಿಕೆ 2022ರಲ್ಲಿ ಒಂದು ಪರೀಕ್ಷೆ ನಡೆಸಿತು. ಹನ್ನೊಂದು ಹೊಸ ಕಾರುಗಳ ಜೊತೆಗೆ 2005ರ ಒಂದು ಹಳೆಯ ವೋಲ್ವೊ ವಿ70 ಕಾರನ್ನೂ ಇಟ್ಟುಕೊಂಡು, 110 ಕಿ.ಮೀ. ವೇಗದಲ್ಲಿ ನಾಲ್ಕು ಸಾಮಾನ್ಯ ಕೆಲಸ ಮಾಡಲು ಚಾಲಕರಿಗೆ ಹೇಳಿದರು. ಎ.ಸಿ. ಹೊಂದಿಸುವುದು, ರೇಡಿಯೊ ಹಾಕುವುದು ಇಂಥವೇ ಕೆಲಸಗಳು. ಪರೀಕ್ಷೆಗೆ ಮುಂಚೆ ಕಾರು ಅಭ್ಯಾಸ ಮಾಡಿಕೊಳ್ಳಲು ಸಮಯವನ್ನೂ ಕೊಟ್ಟಿದ್ದರು. ತಿರುಪು, ಬಟನ್‌ಗಳ ಹಳೆಯ ವೋಲ್ವೊದಲ್ಲಿ ಎಲ್ಲ ಮುಗಿಯಲು 10 ಸೆಕೆಂಡ್ ಸಾಕಾಯಿತು. ಅಷ್ಟರಲ್ಲಿ ಕಾರು 306 ಮೀಟರ್ ಓಡಿತ್ತು. ಬಿಎಂಡಬ್ಲ್ಯು ಐಎಕ್ಸ್‌ನಲ್ಲಿ 30 ಸೆಕೆಂಡ್ ಹಿಡಿಯಿತು. ಎಲ್ಲಕ್ಕಿಂತ ಹಿಂದೆ ಬಿದ್ದ ಎಂಜಿ ಮಾರ್ವೆಲ್ ಆರ್ ಸುಮಾರು 45 ಸೆಕೆಂಡ್ ತೆಗೆದುಕೊಂಡು 1,372 ಮೀಟರ್ ಓಡಿತು. ಸಂಚಾರ ಸುರಕ್ಷತೆ ನೋಡಿಕೊಳ್ಳುವ ಅಮೆರಿಕದ ಸರ್ಕಾರಿ ಸಂಸ್ಥೆ 2013ರಲ್ಲಿಯೇ ಮಾರ್ಗಸೂಚಿ ಹೊರಡಿಸಿ, ಚಾಲಕ ಒಮ್ಮೆಗೆ ಎರಡು ಸೆಕೆಂಡಿಗಿಂತ ಹೆಚ್ಚು ರಸ್ತೆಯಿಂದ ಕಣ್ಣು ತೆಗೆಯುವಂತಿರಬಾರದು ಎಂದಿತ್ತು. ಕಾರುಗಳಿಗೆ ಸುರಕ್ಷತೆಯ ನಕ್ಷತ್ರ ಕೊಡುವ ಯೂರೋ ಎನ್‌ಕ್ಯಾಪ್ ಸಂಸ್ಥೆಯೂ 2026ರಿಂದ ಇಂಡಿಕೇಟರ್, ವೈಪರ್, ಹಾರ್ನ್, ಅಪಾಯ ಸೂಚಕ ದೀಪ, ತುರ್ತು ಕರೆ ಇವಿಷ್ಟಕ್ಕೆ ಕೈಗೆ ಸಿಗುವ ಬಟನ್ ಇಲ್ಲವೆ ಕಡ್ಡಿ ಇರಲೇಬೇಕು, ಇಲ್ಲದಿದ್ದರೆ ಅಂಕ ಕಡಿಮೆ ಎಂದು ಹೇಳಿದೆ. ಕಂಪನಿಗಳು ಮತ್ತೆ ಬಟನ್‌ಗಳ ಕಡೆಗೆ ಮುಖ ಮಾಡುತ್ತಿವೆ. ಒಳ್ಳೆಯದೇ ಆಯಿತು. ಆದರೆ ಈಗಾಗಲೇ ರಸ್ತೆಗಿಳಿದಿರುವ ಸಾವಿರಾರು ಕಾರುಗಳಲ್ಲಿ ಪರದೆಯೇ ಗತಿ.

ಬಲಗೈ ಅಭ್ಯಾಸ

ನಮ್ಮ ಕಡೆ ದೊಡ್ಡ ಕಾರು ಓಡಿಸುವವರಲ್ಲಿ ಹೆಚ್ಚಿನವರು ಮಾರುತಿ, ಇನ್ನೋವಾ ಓಡಿಸಿ ಬಂದವರು. ಆ ಗಾಡಿಗಳಲ್ಲಿ ಇಂಡಿಕೇಟರ್ ಕಡ್ಡಿ ಸ್ಟೇರಿಂಗಿನ ಬಲಕ್ಕಿದೆ, ವೈಪರ್ ಎಡಕ್ಕೆ. ಯುರೋಪಿನ ಕಾರುಗಳಲ್ಲಿ ಇಂಡಿಕೇಟರ್ ಎಡಕ್ಕೆ. ಮೊದಮೊದಲು ತಿರುವಿನಲ್ಲಿ ವೈಪರ್ ಓಡುವುದುಂಟು. ಅದರಿಂದ ಅಂಥ ತೊಂದರೆಯೇನಿಲ್ಲ. ಮರ್ಸಿಡಿಸ್‌ನ ಬಹುತೇಕ ಹೊಸ ಮಾದರಿಗಳಲ್ಲಿ ಮಾತ್ರ ಬಲಗಡೆಯ ಕಡ್ಡಿಯೇ ಗೇರು. ಹದಿನೈದು ವರ್ಷ ಬಲಗೈಯಲ್ಲಿ ಇಂಡಿಕೇಟರ್ ಹಾಕಿದ ಬೆರಳು, ಬಿಳಿಕೆರೆ ತಿರುವಿನಲ್ಲಿ ಯೋಚನೆಗೆ ಮುಂಚೆಯೇ ಆ ಕಡ್ಡಿಯನ್ನು ಮೇಲಕ್ಕೆ ತಳ್ಳಿದರೆ ಗಾಡಿ ನ್ಯೂಟ್ರಲ್‌ಗೆ ಬೀಳಬಹುದು. ಆಕ್ಸಿಲರೇಟರ್ ಒತ್ತಿದರೆ ಎಂಜಿನ್ ಕೂಗುತ್ತದೆ, ಕಾರು ಮುಂದಕ್ಕೆ ಎಳೆಯುವುದಿಲ್ಲ. ಹಿಂದೆ ಲಾರಿ ಇದ್ದರೆ ಆ ಎರಡು ಸೆಕೆಂಡ್ ಬಹಳ ದೊಡ್ಡದು.

ಇದನ್ನು ಬಿಡಿಸಿಕೊಳ್ಳುವ ದಾರಿ ಒಂದೇ. ಗಾಡಿಯನ್ನು ಅಂಗಳದಲ್ಲಿ ನಿಲ್ಲಿಸಿ, ಪಾರ್ಕಿಂಗ್ ಬ್ರೇಕ್ ಹಾಕಿ, ಕಣ್ಣು ಮುಚ್ಚಿ ಕೂರಬೇಕು. ಪಕ್ಕದಲ್ಲಿ ಕೂತವರು ಒಂದೊಂದೇ ಹೇಳುತ್ತ ಹೋಗಬೇಕು: ಎಡ ಇಂಡಿಕೇಟರ್, ವೈಪರ್ ಜೋರು, ಮುಂಗಾಜಿನ ಮಂಜು ತೆಗೆಯುವ ಬಟನ್, ನಾಲ್ಕೂ ದೀಪ, ಎಲ್ಲ ಕಿಟಕಿ ಲಾಕ್. ಕೈ ತಡವರಿಸದೆ ಹೋಗುವತನಕ ಬಿಡಬಾರದು. ಸ್ಟೇರಿಂಗ್ ಚಕ್ರದ ಮೇಲಿನ ಬಟನ್‌ಗಳನ್ನು ಹೆಬ್ಬೆರಳಿಗೆ ಕಲಿಸಬೇಕು. ಎಡದ ಗುಂಪು ಯಾವುದಕ್ಕೆ, ಬಲದ್ದು ಯಾವುದಕ್ಕೆ ಎಂಬುದು ಕಾರಿನಿಂದ ಕಾರಿಗೆ ಬೇರೆ. ಬಹಳ ಕಾರುಗಳಲ್ಲಿ ಒಂದೆರಡು ಬಟನ್‌ಗಳಿಗೆ ನಮಗೆ ಬೇಕಾದ ಕೆಲಸ ಹಚ್ಚಿಡುವ ಸೌಲಭ್ಯವಿದೆ. ಎ.ಸಿ.ಯ ಹೊರಗಾಳಿ-ಒಳಗಾಳಿ ಬದಲಾವಣೆಯನ್ನು ಅಲ್ಲಿಗೆ ತಂದಿಟ್ಟುಕೊಂಡರೆ ಈ ಸೀಮೆಯಲ್ಲಿ ಬಹಳ ಉಪಕಾರ. ಏಕೆಂಬುದನ್ನು ಮುಂದೆ ಹೇಳುತ್ತೇನೆ.

ಸೀಟು ಹೊಂದಿಸುವುದೂ ನಿಂತಾಗಲೇ ಆಗಬೇಕಾದ ಕೆಲಸ. ಮೊಣಕಾಲು ಸ್ವಲ್ಪ ಮಡಿಸಿರುವಂತೆ, ಎದೆಗೂ ಸ್ಟೇರಿಂಗಿಗೂ ಒಂದು ಗೇಣಿಗಿಂತ ಹೆಚ್ಚು ಅಂತರವಿರುವಂತೆ, ತಲೆಯೊರಗಿನ ಮೇಲಂಚು ತಲೆಯ ಮಟ್ಟಕ್ಕೆ ಬರುವಂತೆ ಕೂತು, ಅದನ್ನು ನೆನಪಿನ ಬಟನ್ 1ಕ್ಕೋ 2ಕ್ಕೋ ಉಳಿಸಿಡಬೇಕು. ಯಜಮಾನರ ಮಗ ಭಾನುವಾರ ಓಡಿಸಿ ಸೀಟು ಹಿಂದಕ್ಕೆ ತಳ್ಳಿಟ್ಟಿದ್ದರೆ, ಸೋಮವಾರ ಒಂದೇ ಒತ್ತಿಗೆ ಕನ್ನಡಿಗಳ ಸಮೇತ ಎಲ್ಲ ಸರಿಯಾಗುತ್ತದೆ. ಕೋಟಿ ಬೆಲೆಯ ಕಾರಿನಲ್ಲಿ ನನಗೆ ನಿಜಕ್ಕೂ ಮೆಚ್ಚುಗೆಯಾಗುವ ಸೌಕರ್ಯ ಇದು. ಬೆನ್ನು ನೋವಿರುವ ಚಾಲಕನನ್ನು ಕೇಳಿದರೆ ಅವನೂ ಇದನ್ನೇ ಹೇಳುತ್ತಾನೆ.

ಈ ಸೀಮೆಗೆ ಗಾಡಿ ಕಟ್ಟುವುದು, ಚರ್ಮ ಹದ ಮಾಡುವುದು, ಚಾಲಕನಿಗೆ ಕಲಿಸಿ ಕೂರಿಸುವುದು ಹೊಸತಲ್ಲ. 19ನೇ ಶತಮಾನದಲ್ಲಿ ಹುಣಸೂರು ಅಮೃತಮಹಲ್ ದನಗಳ ಮುಖ್ಯ ಠಾಣ್ಯವಾಗಿತ್ತು; ಸೇನೆಗೆ ಬೇಕಾದ ಬೂಟು, ಚರ್ಮದ ಸಾಮಾನು, ಕಂಬಳಿ, ಗಾಡಿಗಳು ಇಲ್ಲಿ ತಯಾರಾಗುತ್ತಿದ್ದವು. ಆಮೇಲೆ ಬಂದದ್ದು ಮಹಾರಾಜರ ಕಾರುಗಳ ಕಾಲ. ಮೈಸೂರು ಅರಮನೆ ರೋಲ್ಸ್ ರಾಯ್ಸ್ ಕಾರುಗಳನ್ನು ಏಳೇಳರಂತೆ ಒಟ್ಟಿಗೆ ತರಿಸಿಕೊಳ್ಳುತ್ತಿತ್ತೆಂದೂ, ಆ ಕಂಪನಿಯಲ್ಲಿ ಒಟ್ಟೊಟ್ಟಿಗೆ ಕೊಳ್ಳುವುದಕ್ಕೆ ಮೈಸೂರಿನ ಹೆಸರೇ ಬಿದ್ದಿತ್ತೆಂದೂ ಇಂದಿಗೂ ಹೇಳುತ್ತಾರೆ. ಆ ಕಾಲದ ಸಿಲ್ವರ್ ಗೋಸ್ಟ್ ಕಾರಿನ ಸ್ಟೇರಿಂಗಿನ ನಡುವೆ ಸಣ್ಣ ಕೈಕಡ್ಡಿಗಳಿದ್ದವು. ಒಂದು ಇಂಧನಕ್ಕೆ ಕಿಡಿ ಹೊತ್ತುವ ಸಮಯವನ್ನು ಹಿಂದೆಮುಂದೆ ಮಾಡಲು, ಇನ್ನೊಂದು ಎಂಜಿನ್ನಿನ ಓಟವನ್ನು ಒಂದೇ ಸಮ ಹಿಡಿದಿಡಲು. ಸರಿಯಾದ ಹೊತ್ತಿಗೆ ಸರಿಯಾದಷ್ಟು ಸರಿಸದಿದ್ದರೆ ಎಂಜಿನ್ ಬಡಿದುಕೊಳ್ಳುತ್ತಿತ್ತು. ಅಂಥ ಕಾರಿನ ಚಾಲಕ ತರಬೇತಾದ ಕುಶಲಿ. ಅವನನ್ನು ಕಲಿಸದೆ ಯಾರೂ ಕೂರಿಸುತ್ತಿರಲಿಲ್ಲ. ಶ್ರೀರಂಗಪಟ್ಟಣದ ಬಳಿಯ ‘ಪಯಣ’ ಸಂಗ್ರಹಾಲಯದಲ್ಲಿ ಧರ್ಮಾಧಿಕಾರಿ ಡಿ. ವೀರೇಂದ್ರ ಹೆಗ್ಗಡೆಯವರು ಕೂಡಿಟ್ಟ ಹಳೆಯ ಕಾರುಗಳಿವೆ. ಮಕ್ಕಳನ್ನು ಕರೆದುಕೊಂಡು ಹೋದವರು ಹೊರಮೈ ನೋಡಿ ಮುಂದೆ ಹೋಗದೆ ಕಿಟಕಿಯಿಂದ ಒಳಗೂ ಬಗ್ಗಿ ನೋಡಬೇಕು. ಚಾಲಕನ ಕೈಗೆ ಎಷ್ಟು ಕೆಲಸವಿತ್ತು ಎಂಬುದು ಕಾಣುತ್ತದೆ.

ಹೊಗೆ, ಮಂಜು

ಹುಣಸೂರು, ಪಿರಿಯಾಪಟ್ಟಣದ ಕಡೆ ಮಳೆಗಾಲದ ನಡುವಿನಿಂದ ಬ್ಯಾರನ್‌ಗಳಲ್ಲಿ ಹೊಗೆಸೊಪ್ಪು ಬೇಯಿಸಲು ಶುರುವಾಗುತ್ತದೆ. ಹೆಚ್ಚಿನ ಬ್ಯಾರನ್‌ಗಳು ಸೌದೆಯವು. ಚಿಲ್ಕುಂದ, ಕಟ್ಟೆಮಳಲವಾಡಿ, ಕಂಪಲಾಪುರದ ಹರಾಜು ಮಾರುಕಟ್ಟೆಗಳಿಗೆ ಬೇಲ್ ತುಂಬಿದ ಗಾಡಿಗಳು ಹೊರಡುವ ಹೊತ್ತಿಗೆ ಸಂಜೆಯ ಹೊಗೆ ರಸ್ತೆಯ ಮೇಲೇ ಕೂತಿರುತ್ತದೆ. ಆಗ ಹೊರಗಾಳಿ ಮುಚ್ಚಿ ಒಳಗಾಳಿಯನ್ನೇ ತಿರುಗಿಸುವ ಬಟನ್ ಒತ್ತಬೇಕು. ಕೆಲವು ಕಾರುಗಳಲ್ಲಿ ಗಾಳಿಯ ಮಾಲಿನ್ಯ ಅಳೆಯುವ ಸೆನ್ಸರ್ ತಾನೇ ಈ ಕೆಲಸ ಮಾಡುತ್ತದೆ. ಆದರೆ ಹೊಗೆ ದಾಟಿದ ಮೇಲೆ ಮರೆಯದೆ ಹೊರಗಾಳಿಗೆ ಬದಲಿಸಬೇಕು. ಕಿಟಕಿಯಿಂದ ಸೂಜಿಯಷ್ಟು ಗಾಳಿ ನುಗ್ಗದ ಕಾರಿನಲ್ಲಿ ನಾಲ್ವರು ಕೂತು ಅರ್ಧ ಗಂಟೆ ಅದೇ ಗಾಳಿ ಉಸಿರಾಡಿದರೆ ಇಂಗಾಲದ ಡೈಆಕ್ಸೈಡ್ ಹೊರಗಿನದಕ್ಕಿಂತ ಹಲವು ಪಟ್ಟು ಏರುತ್ತದೆ. ಆಕಳಿಕೆ ಬರುತ್ತದೆ, ಮಂಪರು ಕವಿಯುತ್ತದೆ. ಮಧ್ಯಾಹ್ನ ಊಟ ಮುಗಿಸಿ ಕೊಡಗಿನಿಂದ ಇಳಿದು ಬರುವವರ ನಿದ್ದೆಗೆ ಊಟವೊಂದೇ ಕಾರಣವಲ್ಲ.

ಮಂಜಿನದು ಇನ್ನೊಂದು ಲೆಕ್ಕ. ಡಿಸೆಂಬರ್, ಜನವರಿಯ ಬೆಳಗಿನಲ್ಲಿ ಗಾಜು ಒಳಗಿನಿಂದ ಮಸುಕಾದರೆ ಮುಂಗಾಜಿನ ಬಟನ್ ಒತ್ತಬೇಕು. ಅದು ಹೊರಗಾಳಿ ತಂದು, ಎ.ಸಿ.ಯಿಂದ ಅದರ ತೇವ ಹಿಂಡಿ, ಬೆಚ್ಚಗೆ ಮಾಡಿ ಗಾಜಿಗೆ ಊದುತ್ತದೆ. ಮಳೆಗಾಲದಲ್ಲಿ ಎ.ಸಿ.ಯನ್ನು 18ಕ್ಕೆ ಇಳಿಸಿದ ಕಾರಿನ ಗಾಜು ಹೊರಗಡೆಯಿಂದ ಮಸುಕಾಗುತ್ತದೆ. ಆಗ ಆ ತಣ್ಣನೆ ಗಾಳಿಯನ್ನು ಗಾಜಿಗೇ ತಿರುಗಿಸಿದರೆ ಮಸುಕು ಇನ್ನೂ ಹೆಚ್ಚುತ್ತದೆ. ವೈಪರ್ ಒಮ್ಮೆ ಆಡಿಸಿ, ಉಷ್ಣತೆಯನ್ನು 24, 25ಕ್ಕೆ ಏರಿಸಿದರೆ ಸಾಕು. ಬೆರಳಿನಿಂದ ಗಾಜು ಮುಟ್ಟಿ ನೋಡಿದರೆ ಮಸುಕು ಒಳಗಿನದೋ ಹೊರಗಿನದೋ ತಿಳಿದುಹೋಗುತ್ತದೆ.

ಎಲ್ಲಿ ಬೇಕು, ಎಲ್ಲಿ ಬೇಡ ಎಂದು ಚಾಲಕ ಕಲಿಯಬೇಕಾದ ಇನ್ನೊಂದು ಬಟನ್ ಕ್ರೂಸ್ ಕಂಟ್ರೋಲಿನದು. ವೇಗವನ್ನು ತಾನೇ ಕಾಯ್ದುಕೊಳ್ಳುವ ಈ ವ್ಯವಸ್ಥೆಯನ್ನು ಕಂಡುಹಿಡಿದವರು ರಾಲ್ಫ್ ಟೀಟರ್ ಎಂಬ ಅಮೆರಿಕದ ಎಂಜಿನಿಯರ್. ಅವರು ಬಾಲ್ಯದಲ್ಲೇ ಕಣ್ಣು ಕಳೆದುಕೊಂಡಿದ್ದವರು. ಮಾತಾಡುತ್ತ ಮಾತಾಡುತ್ತ ವೇಗ ಏರಿಳಿಸುವ ತಮ್ಮ ವಕೀಲರ ಪಕ್ಕದಲ್ಲಿ ಕೂತು ಬೇಸತ್ತು ಇದಕ್ಕೆ ಕೈ ಹಾಕಿದರೆಂದು ಹೇಳುತ್ತಾರೆ. 1958ರಲ್ಲಿ ಕ್ರೈಸ್ಲರ್ ಕಂಪನಿಯ ಇಂಪೀರಿಯಲ್ ಕಾರಿನಲ್ಲಿ ಅದು ಮೊದಲ ಬಾರಿಗೆ ಬಂತು. ಪಕ್ಕದಲ್ಲಿ ಕೂತವರ ಸುಖಕ್ಕೆಂದು ಹುಟ್ಟಿದ ಸೌಕರ್ಯ ಅದು. ಈಗಿನದು ರೇಡಾರ್ ಇಟ್ಟುಕೊಂಡು ಮುಂದಿನ ಗಾಡಿ ನೋಡಿ ತಾನೇ ನಿಧಾನವಾಗುತ್ತದೆ, ಗೆರೆ ನೋಡಿ ಸ್ಟೇರಿಂಗ್ ತಿದ್ದುತ್ತದೆ. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಅದಕ್ಕೆ ಕೆಲಸವಿದೆ. ಆ ಹೆದ್ದಾರಿ ಉದ್ಘಾಟನೆಯಾದ 2023ರ ಮಾರ್ಚ್ 12ರಂದೇ ಮೈಸೂರು–ಕುಶಾಲನಗರದ 92 ಕಿ.ಮೀ. ಚತುಷ್ಪಥಕ್ಕೂ ಶಂಕುಸ್ಥಾಪನೆಯಾಯಿತು. ಅದು ಪೂರ್ತಿ ಬಳಕೆಗೆ ಬರುವತನಕ ಪಿರಿಯಾಪಟ್ಟಣದ ಹಳೆಯ ರಸ್ತೆಯಲ್ಲಿ ಕ್ರೂಸ್ ಕಂಟ್ರೋಲ್, ಸ್ಟೇರಿಂಗ್ ತಿದ್ದುವ ವ್ಯವಸ್ಥೆ ಎರಡನ್ನೂ ಬಂದ್ ಮಾಡಿಯೇ ಓಡಿಸಬೇಕೆಂಬುದು ನನ್ನ ಗಟ್ಟಿ ಅಭಿಪ್ರಾಯ. ಎತ್ತಿನಗಾಡಿಗೆ ಜಾಗ ಕೊಟ್ಟು ಬಲಕ್ಕೆ ಸರಿಯುವಾಗ, ಇಂಡಿಕೇಟರ್ ಹಾಕಿಲ್ಲವೆಂದು ಕಾರು ಸ್ಟೇರಿಂಗನ್ನು ವಾಪಸು ಎಡಕ್ಕೆ ಎಳೆದರೆ ಆಗುವುದೇನೆಂದು ಊಹಿಸಿ.

ಹುರುಳಿ ಸೊಪ್ಪಿನ ಕಾಲ

ಕೆ.ಆರ್. ನಗರದ ಕಡೆ ಕಬ್ಬಿನ ಟ್ರ್ಯಾಕ್ಟರ್‌ಗಳಿವೆ. ಕಬ್ಬು ಹಿಂದಕ್ಕೆ ಚಾಚಿ, ಟ್ರೇಲರಿನ ಕೆಂಪು ದೀಪ ಇದ್ದರೂ ಮುಚ್ಚಿಹೋಗಿರುತ್ತದೆ. ಕತ್ತಲಲ್ಲಿ ಕೆಟ್ಟು ನಿಂತ ಟ್ರೇಲರನ್ನು ಕಾರಿನ ರೇಡಾರ್ ಗುರುತಿಸುತ್ತದೆಂದು ನಂಬಿ ಕೂರುವಂತಿಲ್ಲ. ವೇಗದಲ್ಲಿರುವಾಗ ಮುಂದೆ ಅಲುಗಾಡದೆ ನಿಂತಿರುವ ವಾಹನವನ್ನು ಈ ವ್ಯವಸ್ಥೆ ಗುರುತಿಸದೆ ಹೋಗಬಹುದೆಂದು ಕಂಪನಿಗಳ ಕೈಪಿಡಿಗಳೇ ಎಚ್ಚರಿಸುತ್ತವೆ. ತಾನಾಗಿ ಹೈಬೀಮ್ ಹಾಕಿ ತೆಗೆಯುವ ದೀಪವೂ ಅಷ್ಟೆ. ಎದುರಿನ ಕಾರಿನ ದೀಪ ಕಂಡರೆ ತಗ್ಗುತ್ತದೆ, ದೀಪವಿಲ್ಲದ ಎತ್ತಿನಗಾಡಿಗೆ, ಸೈಕಲ್ಲಿನವರಿಗೆ, ನಡೆದು ಬರುವವರಿಗೆ ತಗ್ಗುವುದಿಲ್ಲ. ಅವರ ಕಣ್ಣಿಗೆ ಬೆಳಕು ಚುಚ್ಚದಂತೆ ಕೈಯಿಂದಲೇ ಇಳಿಸುವುದು ಚಾಲಕನ ಮರ್ಯಾದೆ.

ಎಲ್ಲಕ್ಕಿಂತ ಹೆಚ್ಚು ಹೇಳಬೇಕಾದದ್ದು ಒಕ್ಕಣೆಯ ವಿಷಯ. ಸುಗ್ಗಿಯಲ್ಲಿ ರಾಗಿ, ಹುರುಳಿಯನ್ನು ಡಾಂಬರು ರಸ್ತೆಯ ಮೇಲೆ ಹರಡಿ, ಹೋಗಿಬರುವ ಗಾಡಿಗಳ ಚಕ್ರದಿಂದಲೇ ಬಡಿಸುವುದು ನಮ್ಮಲ್ಲಿ ಬಿಟ್ಟಿಲ್ಲ. ಕಣ ಮಾಡಲು ಜಾಗವಿಲ್ಲ, ಆಳು ಸಿಗುವುದಿಲ್ಲ. ರೈತರನ್ನು ಬೈದು ಪ್ರಯೋಜನವಿಲ್ಲ. ಹುರುಳಿ ಬಳ್ಳಿ ತೆಳ್ಳಗೆ, ಒಣಗಿ, ಸುರುಳಿ ಸುತ್ತಿಕೊಳ್ಳುವಂಥದ್ದು. ಅದು ಕಾರಿನ ತಳಕ್ಕೆ ಸಿಕ್ಕಿ, ಹೊಗೆಕೊಳವೆಗೂ ಚಕ್ರದ ಅಚ್ಚಿಗೂ ಸುತ್ತಿಕೊಂಡು, ಅಲ್ಲಿನ ಕಾವಿಗೆ ಹೊತ್ತಿಕೊಳ್ಳುತ್ತದೆ. ಹುರುಳಿ ಸೊಪ್ಪು ಸಿಲುಕಿ ಕಾರು ಸುಟ್ಟುಹೋದ ಸುದ್ದಿ ಹಳೆ ಮೈಸೂರು ಸೀಮೆಯ ಪತ್ರಿಕೆಗಳಲ್ಲಿ ಬರುತ್ತಲೇ ಇರುತ್ತದೆ.

ಇಲ್ಲಿ ದುಬಾರಿ ಕಾರಿಗೆ ಒಂದು ಅನುಕೂಲ, ಒಂದು ಅನಾನುಕೂಲ. ಗಾಳಿಯ ಸಸ್ಪೆನ್ಶನ್ ಇರುವ ಕಾರು ವೇಗ ಹೆಚ್ಚಾದಂತೆ ನೆಲಕ್ಕೆ ತಗ್ಗುತ್ತದೆ. ಸ್ಪೋರ್ಟ್ ಮೋಡಿನಲ್ಲಿಟ್ಟರೆ ಇನ್ನೂ ತಗ್ಗುತ್ತದೆ. ಹುರುಳಿ ಹಾಸು ಕಂಡ ಕೂಡಲೇ ವೇಗ ಇಳಿಸಿ, ಕಾರನ್ನು ಮೇಲೆತ್ತುವ ಬಟನ್ ಒತ್ತಿದರೆ ಕೆಲವು ಸೆಕೆಂಡಿನಲ್ಲಿ ತಳ ಮೇಲೇರುತ್ತದೆ. ಊರೊಳಗಿನ ಎತ್ತರದ ಹಂಪ್‌ಗಳಿಗೂ ಅದೇ ಬಟನ್. ಅನಾನುಕೂಲವೆಂದರೆ ಒಳಗಿನ ನಿಶ್ಶಬ್ದ. ಹಳೆಯ ಅಂಬಾಸಿಡರಿನಲ್ಲಿ ತಳಕ್ಕೆ ಕಡ್ಡಿ ತಾಗಿದರೂ ಸದ್ದು ಕೇಳುತ್ತಿತ್ತು, ಸುಟ್ಟ ವಾಸನೆ ಮೂಗಿಗೆ ಬರುತ್ತಿತ್ತು. ಎರಡು ಪದರದ ಗಾಜು, ಒಳಗಾಳಿ, ಹಾಡು, ಸುಗಂಧ ಚೆಲ್ಲುವ ಯಂತ್ರ ಇರುವ ಕಾರಿನಲ್ಲಿ ಕೆಳಗೆ ಸೊಪ್ಪು ಹೊಗೆಯಾಡುತ್ತಿದ್ದರೂ ತಿಳಿಯುವುದಿಲ್ಲ. ಆದ್ದರಿಂದ ಹಾಸು ದಾಟಿದ ಮೇಲೆ ಹಾಡು ನಿಲ್ಲಿಸಿ, ಕಿಟಕಿ ಇಳಿಸಿ, ಸ್ವಲ್ಪ ಮುಂದೆ ಸೊಪ್ಪಿಲ್ಲದ ಜಾಗದಲ್ಲಿ ಬದಿಗೆ ಹಾಕಿ, ಬಗ್ಗಿ ತಳ ನೋಡಬೇಕು. ‘ಒಂದ್ ನಿಮ್ಷ ಬುದ್ಧಿ, ಸೈಡಿಗ್ ಹಾಕ್ತೀನಿ’ ಎನ್ನುವ ಚಾಲಕನಿಗೆ ತಡವಾಯಿತೆಂದು ಸಿಡುಕಬೇಡಿ. ಅವನು ನಿಮ್ಮ ಕಾರು, ನಿಮ್ಮ ಜೀವ ಎರಡನ್ನೂ ನೋಡಿಕೊಳ್ಳುತ್ತಿದ್ದಾನೆ.

ಹಿಂದೆ ಕೂರುವವರಿಗೂ ಒಂದು ಮಾತು. ಬಟನ್ ಒತ್ತಿ ಸೀಟನ್ನು ಪೂರಾ ಒರಗಿಸಿ, ಮುಂದಿನ ಸೀಟು ಸರಿಸಿ, ಕಾಲು ಚಾಚಿ ಮಲಗುವುದು ಸುಖವೇ. ಆದರೆ ಒರಗಿದಷ್ಟೂ ಬೆಲ್ಟು ಸೊಂಟದ ಮೂಳೆಯಿಂದ ಹೊಟ್ಟೆಗೆ ಸರಿಯುತ್ತದೆ. ಢಿಕ್ಕಿಯಾದರೆ ದೇಹ ಬೆಲ್ಟಿನಡಿಯಿಂದ ಮುಂದಕ್ಕೆ ಜಾರುತ್ತದೆ. ಬೆಲ್ಟೇ ಹಾಕದವರ ಗತಿ ಏನೆಂಬುದನ್ನು ಉದ್ಯಮಿ ಸೈರಸ್ ಮಿಸ್ತ್ರಿ ಅವರು 2022ರ ಸೆಪ್ಟೆಂಬರ್ 4ರಂದು ಪಾಲ್ಘರ್ ಬಳಿ ತೀರಿಕೊಂಡಾಗ ಇಡೀ ದೇಶ ನೋಡಿತು. ಅದು ಸುರಕ್ಷತೆಗೆ ಹೆಸರಾದ ಐಷಾರಾಮಿ ಕಾರು, ಅವರು ಕೂತದ್ದು ಹಿಂದಿನ ಸೀಟು. ಮೈಸೂರು ದಾಟಿ ಈ ರಸ್ತೆಗಳಿಗೆ ಬಂದ ಮೇಲೆ ಸೀಟು ನೆಟ್ಟಗೆ ಮಾಡಿ, ಬೆಲ್ಟು ಹಾಕಿ ಕೂರಿ. ಮಲಗುವ ಸುಖಕ್ಕೆ ರೆಸಾರ್ಟಿದೆ.

ಕಾಡಿನೊಳಗೆ

ಎಚ್.ಡಿ. ಕೋಟೆಯಿಂದ ಅಂತರಸಂತೆ ದಾಟಿ ದಮ್ಮನಕಟ್ಟೆ ಗೇಟು ಹೊಕ್ಕರೆ ಬಾವಲಿವರೆಗೆ ನಾಗರಹೊಳೆಯ ಕಾಡು. ಮಹಾರಾಜರ ಕಾಲದಿಂದ ಆನೆ ಹಿಡಿಯುವ ಕಾಕನಕೋಟೆ ಖೆಡ್ಡಾ ನಡೆದದ್ದು ಈ ಸೀಮೆಯಲ್ಲೇ, ಕೊನೆಯದು 1971ರಲ್ಲಿ. ಆಮೇಲೆ ಕಬಿನಿ ಅಣೆಕಟ್ಟೆಯ ನೀರು ಆ ಬಯಲನ್ನು ಮುಳುಗಿಸಿತು. ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಹುಲ್ಲಿಗೆ ಬರುವ ಆನೆಗಳನ್ನು ನೋಡಲು ಇಷ್ಟೊಂದು ಕಾರುಗಳು ಬರುತ್ತಿವೆ. ಸಂಜೆ 6ರಿಂದ ಬೆಳಿಗ್ಗೆ 6ರವರೆಗೆ ಈ ದಾರಿ ಮುಚ್ಚಿರುತ್ತದೆ.

ಪ್ರಾಣಿ ಕಂಡರೆ ಕಾರು ತಾನೇ ಬ್ರೇಕ್ ಹಾಕುತ್ತದೆಂದು ನಂಬಿದವರಿಗೆ ಒಂದು ಉದಾಹರಣೆ ಹೇಳಬೇಕು. ವೋಲ್ವೊ ಕಂಪನಿ ಸ್ವೀಡನ್ನಿನ ಮೂಸ್ ಎಂಬ ದೊಡ್ಡ ಜಿಂಕೆಗಳನ್ನು ಗುರುತಿಸುವ ವ್ಯವಸ್ಥೆ ರೂಪಿಸಿ ಆಸ್ಟ್ರೇಲಿಯಾಕ್ಕೆ ಒಯ್ದಾಗ ಅದು ಕಾಂಗರೂ ಮುಂದೆ ತಬ್ಬಿಬ್ಬಾಯಿತು. ಪ್ರಾಣಿಯ ಕಾಲು ನೆಲಕ್ಕೆ ತಾಗಿರುವ ಜಾಗದಿಂದ ದೂರ ಲೆಕ್ಕ ಹಾಕುವ ಯಂತ್ರಕ್ಕೆ, ಕಾಂಗರೂ ಗಾಳಿಯಲ್ಲಿದ್ದಾಗ ದೂರದಲ್ಲಿರುವಂತೆಯೂ ಇಳಿದಾಗ ಹತ್ತಿರದಲ್ಲಿರುವಂತೆಯೂ ಕಂಡಿತು. 2017ರಲ್ಲಿ ಕಂಪನಿಯವರೇ ಇದನ್ನು ಒಪ್ಪಿಕೊಂಡರು. ನಮ್ಮ ಜಿಂಕೆಯೂ ಪೊದೆಯಿಂದ ನೆಗೆದೇ ರಸ್ತೆಗೆ ಬರುತ್ತದೆ, ಅದರ ಹಿಂದೆಯೇ ಇನ್ನೊಂದು ಬರುತ್ತದೆ. ಗಂಟೆಗೆ 30 ಕಿ.ಮೀ. ವೇಗ ಮೀರದಿರುವುದೇ ಇಲ್ಲಿ ನಂಬಿಕೆಗೆ ಅರ್ಹವಾದ ಬ್ರೇಕು.

ಗೇಟಿಗೆ ಬರುವ ಮುನ್ನ ಅಂತರಸಂತೆಯಲ್ಲೇ ನಿಲ್ಲಿಸಿ ಹೊಂದಿಸಿಕೊಳ್ಳಬೇಕಾದವು ಕೆಲವು. ಹಾಡು ಬಂದ್. ಮೇಲ್ಚಾವಣಿಯ ಗಾಜು ಮುಚ್ಚಿ, ಕಿಟಕಿಯ ಮಕ್ಕಳ ಲಾಕ್ ಹಾಕಬೇಕು. ಸನ್‌ರೂಫಿನಿಂದ ಮಗುವಿನ ತಲೆ ಹೊರಗೆ ಹಾಕಿಸಿ ಫೋಟೊ ತೆಗೆಯುವ ಚಟ ಕಾಡಿನಲ್ಲಂತೂ ಬೇಡವೇ ಬೇಡ. ಬ್ರೇಕ್ ಒತ್ತಿ ನಿಂತರೆ ಎಂಜಿನ್ ಆರಿಸಿಬಿಡುವ ವ್ಯವಸ್ಥೆಯನ್ನು ಅದರ ಬಟನ್ ಒತ್ತಿ ನಿಲ್ಲಿಸಿಡಬೇಕು. ಎದುರಿಗೆ ಆನೆ ನಿಂತಾಗ ಆರಿ, ಕಾಲು ತೆಗೆದ ಕೂಡಲೇ ಗುರ್ ಎಂದು ಹೊತ್ತುವ ಎಂಜಿನ್ ಆನೆಗೂ ಚಾಲಕನಿಗೂ ಗಾಬರಿ ತರುತ್ತದೆ. ಪಾರ್ಕಿಂಗ್‌ಗೆ ಹಾಕಿದರೆ ಕೆಲವು ಕಾರುಗಳ ಬಾಗಿಲ ಲಾಕ್ ತಾನಾಗಿ ತೆರೆದುಕೊಳ್ಳುತ್ತದೆ. ಆ ಸೆಟ್ಟಿಂಗನ್ನೂ ಪರದೆಯಲ್ಲಿ ಹುಡುಕಿ ಬದಲಿಸಿಡಬೇಕು. ಆನೆ ದಾಟುತ್ತಿದ್ದರೆ ಸಾಕಷ್ಟು ದೂರದಲ್ಲೇ ನಿಲ್ಲಿಸಿ, ಹಾರ್ನ್ ಮಾಡದೆ, ದೀಪ ಮಿನುಗಿಸದೆ ದಾರಿ ಬಿಟ್ಟುಕೊಡಬೇಕು. ಹಿಂದಕ್ಕೆ ಬರಬೇಕಾದರೆ ಕ್ಯಾಮೆರಾದ ಜೊತೆ ಕನ್ನಡಿಯನ್ನೂ ನೋಡಬೇಕು, ಏಕೆಂದರೆ ರಸ್ತೆಯಂಚಿನ ಹುಲ್ಲಿಗೇ ಸೆನ್ಸರ್ ಬಡಿದುಕೊಳ್ಳುತ್ತಿರುತ್ತದೆ.

ಇಷ್ಟನ್ನು ಹೇಳಿಕೊಡಲು ಷೋರೂಮಿನವರಿಗೆ ಅರ್ಧ ಗಂಟೆ ಬೇಕು, ಕನ್ನಡ ಬಲ್ಲ ಒಬ್ಬರು ಬೇಕು. ಕಾರು ಕೊಳ್ಳುವವರು ಬೆಲೆ ಚೌಕಾಸಿ ಮಾಡುವಾಗ ಚಾಪೆ, ಸೀಟಿನ ಹೊದಿಕೆ ಕೇಳುತ್ತಾರೆ. ಅದರ ಜೊತೆಗೆ ‘ನಮ್ಮ ಡ್ರೈವರಿಗೆ ಕೂತು ಕನ್ನಡದಲ್ಲಿ ಹೇಳಿಕೊಡಿ, ಅವನು ಕಲಿತ ಮೇಲೆಯೇ ಗಾಡಿ ಒಯ್ಯುತ್ತೇವೆ’ ಎಂದು ಕೇಳಲಿ. ಲಕ್ಷಗಟ್ಟಲೆ ತೆತ್ತು ಕೊಳ್ಳುವವರು ಕೇಳಿದರೆ ಷೋರೂಮಿನವರು ಆಗುವುದಿಲ್ಲ ಎನ್ನಲಾರರು.